ನನ್ನ ಸೂರ್ಯಾಸ್ತದ ಫೋಟೋಗೆ ಒಂದು ತಿದ್ದುಪಡಿ

ದಸರಾ ರಜೆ ಮುಗಿದ ಮೇಲೆ ನಮ್ಮ ಕಾಲೇಜಿನ ನೋಟಿಸ್ ಬೋರ್ಡ್ ಪಕ್ಕದ ಗೋಡೆಯಲ್ಲಿ 'ರಜೆಯ ಚಿತ್ರಗಳು' ಎಂದು ವಿದ್ಯಾರ್ಥಿಗಳ ಫೋಟೋಗಳನ್ನು ಅಂಟಿಸಿದ್ದು ಎಲ್ಲರಿಗೂ ನೆನಪಿರಬಹುದು. ಅದರಲ್ಲಿ ಕೆಂಡದ ಹಾಗೆ ಕೆಂಪಾದ ಬಂಡೆ, ಅದರ ಕೆಳಗೆ ಕೊನೆಯೇ ಕಾಣದ ಬಯಲು, ಮೇಲೆ ನೇರಳೆ ಆಕಾಶ ಇದ್ದ ಫೋಟೋ ನನ್ನದು. ಅದಕ್ಕೆ ಮೊದಲ ಬಹುಮಾನ ಬಂತು. ಎರಡು ವಾರ ನಾನು ಕಾರಿಡಾರಿನಲ್ಲಿ ಎದೆ ಉಬ್ಬಿಸಿಕೊಂಡು ಓಡಾಡಿದೆ.

ಆ ಫೋಟೋದಲ್ಲಿ ತಪ್ಪಿದೆ ಎಂದು ಹೇಳಲು ಈ ಬರಹ ಬರೆಯುತ್ತಿದ್ದೇನೆ. ಲೆಕ್ಕಶಾಸ್ತ್ರದಲ್ಲಿ ತಪ್ಪು ಕಂಡರೆ ಅದನ್ನು ಉಜ್ಜಿ ಅಳಿಸುವಂತಿಲ್ಲ, ತಿದ್ದುಪಡಿಯ ನಮೂದು ಬರೆಯಬೇಕು ಎಂದು ನಮಗೆ ಕಲಿಸಿದ್ದಾರೆ. ಇದು ನನ್ನ ತಿದ್ದುಪಡಿಯ ನಮೂದು.

ಮೊದಲು ಆ ಜಾಗದ ಬಗ್ಗೆ ಹೇಳುತ್ತೇನೆ. ಅಬ್ಬಾ ಹನ್ನೊಂದು ವರ್ಷದಿಂದ ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಲಾರಿ ಡ್ರೈವರ್. ಅಮ್ಮಿ ಚೀಟಿ ಹಾಕಿ ಕೂಡಿಟ್ಟ ಹಣದಲ್ಲಿ ನಾವು ಮೂವರು, ಅಮ್ಮಿ, ತಂಗಿ ಮತ್ತು ನಾನು, ಉಮ್ರಾಕ್ಕೆ ಹೋಗಿದ್ದೆವು. ಮಕ್ಕಾ, ಮದೀನಾ ಮುಗಿಸಿ ಆರು ದಿನ ರಿಯಾದ್‌ನಲ್ಲಿ ಅಬ್ಬಾರ ಪರಿಚಯದವರ ಮನೆಯಲ್ಲಿ ಉಳಿದೆವು. ಅಬ್ಬಾರಿಗೆ ರಜೆ ಶುಕ್ರವಾರ ಮಾತ್ರ. ಆ ಒಂದು ಶುಕ್ರವಾರ ಎಲ್ಲಿಗೆ ಹೋಗೋಣ ಎಂದು ಕೇಳಿದಾಗ ನಾನು ಮೊಬೈಲ್ ತೋರಿಸಿ, 'ಇಲ್ಲಿಗೆ' ಎಂದೆ.

ಇಂಗ್ಲಿಷ್‌ನಲ್ಲಿ ಅದಕ್ಕೆ 'ಎಡ್ಜ್ ಆಫ್ ದ ವರ್ಲ್ಡ್' ಎನ್ನುತ್ತಾರೆ, ಅಂದರೆ ಲೋಕದ ಅಂಚು. ಅರಬ್ಬಿಯಲ್ಲಿ ಅದು ಜಬಲ್ ಫಿಹ್ರೈನ್. ರಿಯಾದ್‌ನಿಂದ ವಾಯವ್ಯಕ್ಕೆ ಸುಮಾರು 100 ಕಿಲೋಮೀಟರ್. ಅರೇಬಿಯಾದ ನಡುವೆ ಬಿಲ್ಲಿನಂತೆ ಬಾಗಿ ಸುಮಾರು 800 ಕಿಲೋಮೀಟರ್ ಉದ್ದಕ್ಕೆ ಸಾಗುವ ತುವೈಕ್ ಎಂಬ ಬೆಟ್ಟಸಾಲಿನ ಒಂದು ತುದಿ ಅದು. ಈ ಸಾಲಿನ ಪೂರ್ವದ ಕಡೆ ನಿಧಾನ ಇಳಿಜಾರು. ಪಶ್ಚಿಮದ ಕಡೆ ಮಾತ್ರ ಕೊಡಲಿಯಿಂದ ಕಡಿದ ಹಾಗೆ ನೇರ ಪ್ರಪಾತ. ಕೆಲವು ಕಡೆ ಬಂಡೆ ಬೆಟ್ಟದಿಂದ ಬಿಟ್ಟುಕೊಂಡು ಒಂಟಿ ಕಂಬಗಳಾಗಿ ನಿಂತಿದೆ. ಪ್ರಪಾತದ ಕೆಳಗಿನ ಬಯಲಿನಲ್ಲಿ ಹಿಂದೆ ಒಂಟೆಗಳ ವ್ಯಾಪಾರದ ದಾರಿ ಹಾದುಹೋಗುತ್ತಿತ್ತಂತೆ. ಕಾಮರ್ಸ್ ವಿದ್ಯಾರ್ಥಿಗೆ ಇದೂ ಒಂದು ಆಸಕ್ತಿಯ ವಿಷಯ.

ಡಾಂಬರು ರಸ್ತೆ ಬಿಟ್ಟ ಮೇಲೆ ಕಲ್ಲುಮಣ್ಣಿನ ದಾರಿ. ಸಣ್ಣ ಕಾರು ಹೋಗುವುದು ಕಷ್ಟ. ಅಬ್ಬಾರ ಗೆಳೆಯರೊಬ್ಬರು, ಕೇರಳದವರು, ತಮ್ಮ ಜೀಪಿನಂಥ ಗಾಡಿಯಲ್ಲಿ ಕರೆದುಕೊಂಡು ಹೋದರು. ಅಮ್ಮಿ ಮತ್ತು ತಂಗಿ ಮನೆಯಲ್ಲೇ ಉಳಿದರು. ನಾವು ಒಟ್ಟು ಆರು ಜನ. ಗಾಡಿ ನಿಲ್ಲಿಸಿ ಸಡಿಲ ಕಲ್ಲುಗಳ ಮೇಲೆ ಸುಮಾರು ಅರ್ಧ ಗಂಟೆ ನಡೆಯಬೇಕು. ಕೆಲವು ಕಡೆ ದಾರಿ ಕಿರಿದು, ಎರಡೂ ಪಕ್ಕ ಇಳಿಜಾರು. ತುದಿಯಲ್ಲಿ ಕಟಕಟೆ ಇಲ್ಲ. ಒಂದು ಹೆಜ್ಜೆ ತಪ್ಪಿದರೆ ಕೆಳಗೆ ನೂರಾರು ಅಡಿ.

ನಡೆಯುವಾಗ ಅಬ್ಬಾ ಎರಡು ಸಲ ನಿಂತು ಮಂಡಿ ಒತ್ತಿಕೊಂಡರು. ವರ್ಷಗಟ್ಟಲೆ ಕ್ಲಚ್ ತುಳಿದ ಮಂಡಿ ಅದು. ನಾನು ಮುಂದೆ ಓಡುತ್ತಿದ್ದೆ, ಏಕೆಂದರೆ ಬೆಳಕು ಹೋಗುತ್ತಿತ್ತು.

ಬೆಳಕಿನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನನ್ನ ತಪ್ಪು ಅಲ್ಲೇ ಇದೆ. ನಾವು ತಲುಪಿದಾಗ ಆ ಬಂಡೆಗಳು ಕೆಂಪಾಗಿರಲಿಲ್ಲ. ಹಳೆಯ ಸುಣ್ಣದ ಗೋಡೆಯ ಬಣ್ಣ, ಅಷ್ಟೇ. ಅದು ಸುಣ್ಣಕಲ್ಲು. 15 ಕೋಟಿ ವರ್ಷಗಳಿಗೂ ಹಿಂದೆ ಅಲ್ಲಿ ಆಳವಿಲ್ಲದ ಸಮುದ್ರವಿತ್ತು. ಅದರ ತಳದಲ್ಲಿ ಚಿಪ್ಪು, ಹವಳ, ಕೆಸರು ಪದರ ಪದರವಾಗಿ ಕೂತು ಕಲ್ಲಾದವು. ಅದಕ್ಕೇ ನೀರಿನ ಹನಿ ಇಲ್ಲದ ಆ ಜಾಗದ ಕಲ್ಲಿನಲ್ಲಿ ಇಂದಿಗೂ ಸಮುದ್ರಜೀವಿಗಳ ಗುರುತು ಸಿಗುತ್ತದೆ.

ಸೂರ್ಯ ಕೆಳಗಿಳಿದ ಹಾಗೆ ಅದರ ಬೆಳಕು ಹೆಚ್ಚು ದೂರದ ಗಾಳಿ ದಾಟಿ ಬರಬೇಕಾಗುತ್ತದೆ. ದಾರಿಯಲ್ಲಿ ನೀಲಿ ಬೆಳಕು ಚದುರಿಹೋಗುತ್ತದೆ, ಹಳದಿ ಮತ್ತು ಕೆಂಪು ಉಳಿಯುತ್ತದೆ. ಪ್ರಪಾತದ ಮುಖ ಪಶ್ಚಿಮಕ್ಕೆ ಇರುವುದರಿಂದ ಕೊನೆಯ ಕಿರಣದವರೆಗೂ ಬೆಳಕು ಅದರ ಮೇಲೆ ನೇರ ಬೀಳುತ್ತದೆ. ಸುಣ್ಣದ ಬಣ್ಣ ಮೊದಲು ಬೆಣ್ಣೆಯ ಬಣ್ಣವಾಯಿತು, ಆಮೇಲೆ ಜೇನು, ಕೊನೆಗೆ ಐದಾರು ನಿಮಿಷ ಮಾತ್ರ ತಿಳಿ ಗುಲಾಬಿ. ಬೆಳಕು ಅಡ್ಡದಿಂದ ಬೀಳುವಾಗ ಬಂಡೆಯ ಪ್ರತಿ ಪದರಕ್ಕೂ ನೆರಳು ಹುಟ್ಟುತ್ತದೆ. ಮಧ್ಯಾಹ್ನ ಚಪ್ಪಟೆಯಾಗಿ ಕಾಣುವ ಕಲ್ಲು ಆಗ ಪುಸ್ತಕದ ಹಾಳೆಗಳಂತೆ ಎದ್ದು ಕಾಣುತ್ತದೆ.

ಅಬ್ಬಾ ನನ್ನ ಹಿಂದೆ ಬಂದು ನಿಂತು, 'ಹಮಾರೆ ಬಾದಾಮಿ ಕೆ ಪತ್ಥರಾಂ ಜೈಸೇಚ್ ಹೈ ನಾ' ಎಂದರು. ನಮ್ಮ ಬಾದಾಮಿಯ ಕಲ್ಲುಗಳ ಹಾಗೇ ಇದೆಯಲ್ಲ ಎಂದು. ನಮ್ಮೂರು ಬಾದಾಮಿಗೆ ಒಂದು ಗಂಟೆಯ ದಾರಿ. ಆಗ ನಾನು ಹೌದು ಎಂದೆ. ನಿಜ ಹೇಳಬೇಕೆಂದರೆ ಹಾಗಲ್ಲ. ಬಾದಾಮಿಯದು ಮರಳುಗಲ್ಲು, ಅದರಲ್ಲಿ ಕಬ್ಬಿಣದ ಅಂಶವಿದೆ, ಅದಕ್ಕೇ ಮಧ್ಯಾಹ್ನ ಹನ್ನೆರಡಕ್ಕೂ ಅದು ಕೆಂಪೇ. ಆ ಕೆಂಪು ಅದರ ಸ್ವಂತ ಆಸ್ತಿ. ಫಿಹ್ರೈನ್ ಬಂಡೆಯ ಗುಲಾಬಿ ಬಣ್ಣ ಸೂರ್ಯನಿಂದ ಪಡೆದ ಸಾಲ. ಸೂರ್ಯ ಮುಳುಗಿದ ಕೂಡಲೇ ತೀರಿಸಲೇಬೇಕು.

ಸೂರ್ಯ ಮುಳುಗಿತು. ಅಂದರೆ ಮಗ್ರಿಬ್ ಹೊತ್ತಾಯಿತು. ಫೋಟೋ ತೆಗೆಯುವವರಿಗೆ ಅತ್ಯಂತ ಬೆಲೆಬಾಳುವ ನಿಮಿಷಗಳೂ ಅವೇ, ಏಕೆಂದರೆ ಸೂರ್ಯ ಮುಳುಗಿದ ಮೇಲೂ ಆಕಾಶದ ಬಣ್ಣ ಬದಲಾಗುತ್ತಲೇ ಇರುತ್ತದೆ. ಐವರೂ ನೀರಿನ ಬಾಟಲಿಯಲ್ಲಿ ವುಝೂ ಮಾಡಿ, ಚಪ್ಪಟೆ ಬಂಡೆಯ ಮೇಲೆ ಶಾಲು ಹಾಸಿ ಸಾಲಾಗಿ ನಿಂತರು. ಅಬ್ಬಾ ನನ್ನ ಹೆಸರು ಕರೆದರು. 'ಎರಡು ನಿಮಿಷ' ಎಂದೆ. ಎರಡು ನಿಮಿಷ ಹದಿನೈದಾಯಿತು. ಜಮಾಅತ್ ಮುಗಿಯಿತು. ಆಮೇಲೆ ನಾನು ಒಬ್ಬನೇ ಮೊಬೈಲ್ ಟಾರ್ಚ್ ಬೆಳಕಿನಲ್ಲಿ ನಮಾಝ್ ಮಾಡಿದೆ. ಯಾರೂ ಬೈಯಲಿಲ್ಲ. ಬೈದಿದ್ದರೆ ಇಷ್ಟು ದಿನ ನೆನಪಿರುತ್ತಿರಲಿಲ್ಲ.

ಈಗ ಫೋಟೋಗೆ ಏನು ಮಾಡಿದೆ ಎಂಬ ಲೆಕ್ಕ ಕೊಡುತ್ತೇನೆ.

ಒಂದು, ಬಣ್ಣ. ಕಣ್ಣಿಗೆ ಕಂಡದ್ದು ತಿಳಿ ಗುಲಾಬಿ. ನಾನು ಆ್ಯಪ್‌ನಲ್ಲಿ ಅದನ್ನು ಕೆಂಡ ಮಾಡಿದೆ. ನೀಲಿಯಾಗಿದ್ದ ಆಕಾಶವನ್ನು ನೇರಳೆ ಮಾಡಿದೆ.

ಎರಡು, ಕಸ. ಬಂಡೆಯ ಬುಡದಲ್ಲಿ ಯಾರೋ ಬಿಟ್ಟುಹೋದ ಪ್ಲಾಸ್ಟಿಕ್ ಬಾಟಲಿಗಳೂ ಚಿಪ್ಸ್ ಪೊಟ್ಟಣಗಳೂ ಇದ್ದವು. ಬೆರಳಿನಿಂದ ಉಜ್ಜಿ ಅಳಿಸಿದೆ. ಮೊಬೈಲಿನಲ್ಲಿ ಅಳಿಸಿದೆ, ನೆಲದಿಂದ ಹೆಕ್ಕಲಿಲ್ಲ. ಗೆಳೆಯರೊಬ್ಬರು ಒಂದು ಚೀಲ ತುಂಬಾ ಹೆಕ್ಕಿ ಗಾಡಿಗೆ ತಂದರು.

ಮೂರು, ಅಬ್ಬಾ. ಮೂಲ ಫೋಟೋದ ಎಡ ಮೂಲೆಯಲ್ಲಿ ಅವರು ಒಂದು ಕಲ್ಲಿನ ಮೇಲೆ ಕೂತು, ಒಂದು ಬೂಟು ಬಿಚ್ಚಿಟ್ಟು, ಮಂಡಿ ಒತ್ತಿಕೊಳ್ಳುತ್ತಿದ್ದರು. ಚಿತ್ರ 'ಕ್ಲೀನ್' ಆಗಿ ಕಾಣಲಿ ಎಂದು ಆ ಮೂಲೆಯನ್ನು ಕತ್ತರಿಸಿದೆ.

ಹನ್ನೊಂದು ವರ್ಷ ರಿಯಾದ್‌ನಲ್ಲಿದ್ದ ಅಬ್ಬಾ 100 ಕಿಲೋಮೀಟರ್ ದೂರದ ಆ ಜಾಗಕ್ಕೆ ಬಂದದ್ದು ಅದೇ ಮೊದಲ ಸಲ. ಇದು ನನಗೆ ವಾಪಸ್ ಬರುವಾಗ ಗಾಡಿಯಲ್ಲಿ ಗೊತ್ತಾಯಿತು. 'ಇಷ್ಟು ವರ್ಷ ಯಾಕೆ ಬರಲಿಲ್ಲ?' ಎಂದು ಕೇಳಿದೆ. 'ಶುಕ್ರವಾರ ಬಟ್ಟೆ ಒಗೆಯೋದು, ನಿದ್ದೆ ಮಾಡೋದು. ಮತ್ತೆ ಗಾಡಿ ಬಾಡಿಗೆ ಯಾರು ಕೊಡ್ತಾರೆ ಬೇಟಾ?' ಎಂದರು. ನನಗಾಗಿ ಅಲ್ಲಿಗೆ ಬಂದವರನ್ನೇ ನಾನು ಚಿತ್ರದಿಂದ ತೆಗೆದುಹಾಕಿದ್ದೆ.

ಇದು ನನ್ನ ಮನೆಯ ವಿಷಯವಾಗಿ ಮುಗಿದಿದ್ದರೆ ಬರೆಯುತ್ತಿರಲಿಲ್ಲ. ಬಹುಮಾನ ಬಂದ ವಾರ ನಮ್ಮ ತರಗತಿಯ ಒಬ್ಬ ಗೆಳೆಯ ಬಂದು, 'ಸೌದಿ ಅಂದ್ರೆ ಹಿಂಗೈತೇನೋ! ಪರೀಕ್ಷೆ ಆದ ಕೂಡ್ಲೇ ನಾನೂ ಹೋಗ್ತೀನಿ, ಡಿಗ್ರಿ ಯಾಕೆ ಬೇಕು, ನಿಮ್ಮ ಅಬ್ಬಾರಿಗೆ ಹೇಳಿ ಒಂದು ವೀಸಾ ಮಾಡಿಸು' ಎಂದ. ತಮಾಷೆ ಎಂದುಕೊಂಡೆ. ತಮಾಷೆಯಾಗಿರಲಿಲ್ಲ. ಅವನು ಯಾರೋ ಏಜೆಂಟನ ಹತ್ತಿರ ಮಾತಾಡಿಯೂ ಬಂದಿದ್ದ. ಅವನು ಲೆಕ್ಕದಲ್ಲಿ ನನಗಿಂತ ಜಾಣ. ಅವನ ಮೊಬೈಲಿನ ಪರದೆಯ ಮೇಲೆ ನಾನು ಬಣ್ಣ ಬಳಿದ ಬಂಡೆ ಇತ್ತು.

ಆ ರಾತ್ರಿ ಅಬ್ಬಾರಿಗೆ ವಿಡಿಯೋ ಕರೆ ಮಾಡಿ, ಮೊದಲ ಸಲ ಕೇಳಿದೆ, 'ನಿಮ್ಮ ಕೋಣೆ ತೋರಿಸಿ.' ಹನ್ನೊಂದು ವರ್ಷದಲ್ಲಿ ನಾವು ಅದನ್ನು ನೋಡಿರಲಿಲ್ಲ. ರಿಯಾದ್‌ಗೆ ಹೋದಾಗಲೂ ಅವರು ಕರೆದುಕೊಂಡು ಹೋಗಿರಲಿಲ್ಲ. ಅವರು ಯಾವಾಗಲೂ ಕರೆ ಮಾಡುವುದು ಹೊರಗೆ ನಿಂತು, ಹಿಂದೆ ಖರ್ಜೂರದ ಮರ ಕಾಣುವ ಹಾಗೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಮೊಬೈಲ್ ತಿರುಗಿಸಿದರು. ಏನು ನೋಡಿದೆ ಎಂದು ಇಲ್ಲಿ ಬರೆಯುವುದಿಲ್ಲ. ಅದು ಅವರ ಕೋಣೆ, ಅವರ ಮರ್ಯಾದೆ. ಈ ಬರಹ ಬರೆಯಲಾ ಎಂದು ಕೇಳಿದಾಗ, 'ಬರೀ, ಕೋಣೆ ವಿಷಯ ಬಿಡು' ಎಂದು ಒಪ್ಪಿದರು. ನಾನು ಹೇಳಬಹುದಾದದ್ದು ಇಷ್ಟೇ. ನಾನು ಬಂಡೆಗೆ ಮಾಡಿದ್ದನ್ನೇ ಅಬ್ಬಾ ಹನ್ನೊಂದು ವರ್ಷ ನಮಗಾಗಿ ಮಾಡುತ್ತಿದ್ದರು. ಅವರು ಮಾಡಿದ್ದು ನಾವು ನೊಂದುಕೊಳ್ಳಬಾರದೆಂಬ ಪ್ರೀತಿಯಿಂದ. ನಾನು ಮಾಡಿದ್ದು ಲೈಕ್‌ಗಳಿಗಾಗಿ.

ಸೌದಿಯಲ್ಲಿ 20 ಲಕ್ಷಕ್ಕೂ ಹೆಚ್ಚು ಭಾರತೀಯರಿದ್ದಾರೆ. ನಮ್ಮ ಕಾಲೇಜಿನಲ್ಲಿ ಎಷ್ಟು ಮನೆಗಳ ಒಲೆ ಆ ಹಣದಿಂದ ಉರಿಯುತ್ತದೆ ಎಂದು ನಮಗೇ ಗೊತ್ತು. ನನ್ನ ಫೀಸೂ ಅದೇ. ಆದ್ದರಿಂದ ಗಲ್ಫ್‌ಗೆ ಹೋಗಬೇಡಿ ಎಂದು ಉಪದೇಶ ಮಾಡುವ ಹಕ್ಕು ನನಗಿಲ್ಲ. ಆದರೆ ಹೋಗುವ ನಿರ್ಧಾರವನ್ನು ಸೂರ್ಯಾಸ್ತದ ಫೋಟೋ ನೋಡಿ ಮಾಡಬಾರದು. ಬೇಸಿಗೆಯಲ್ಲಿ ಅಲ್ಲಿನ ಬಿಸಿಲು ಎಷ್ಟಿರುತ್ತದೆಂದರೆ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12ರಿಂದ 3ರವರೆಗೆ ನೇರ ಬಿಸಿಲಿನಲ್ಲಿ ಕೆಲಸ ಮಾಡಿಸಬಾರದು ಎಂದು ಅಲ್ಲಿನ ಸರ್ಕಾರವೇ ನಿಯಮ ಮಾಡಿದೆ. ಇನ್ನು ಏಜೆಂಟರ ವಿಷಯ. ನಮ್ಮ ದೇಶದಲ್ಲಿ 1983ರ ವಲಸೆ ಕಾಯ್ದೆಯಿದೆ. ಅದರ ಪ್ರಕಾರ ನೋಂದಾಯಿತ ಏಜೆಂಟ್ ಮಾತ್ರ ವಿದೇಶದ ಕೆಲಸಕ್ಕೆ ಜನರನ್ನು ಕಳಿಸಬಹುದು, ಅವನು ಪಡೆಯಬಹುದಾದ ಶುಲ್ಕಕ್ಕೂ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ ಎಂಬ ಮಿತಿಯಿದೆ. ನನ್ನ ಗೆಳೆಯನಿಗೆ ಏಜೆಂಟ್ ಹೇಳಿದ ಮೊತ್ತ ಇದರ ಎಷ್ಟೋ ಪಟ್ಟು. ಅವನಿಗೆ ಈ ನಿಯಮ ಗೊತ್ತಿರಲಿಲ್ಲ. ಬಂಡೆಯ ಫೋಟೋ ಮಾತ್ರ ಗೊತ್ತಿತ್ತು.

ಈಗ ನನ್ನ ವಿರುದ್ಧ ಬರುವ ಮಾತುಗಳಿಗೆ ಉತ್ತರ ಕೊಡಬೇಕು. ಇದನ್ನು ನಮ್ಮ ಸ್ಟಾಫ್‌ರೂಮಿನಲ್ಲಿ ಹೇಳಿದಾಗ ಒಬ್ಬ ಸರ್, 'ಎಡಿಟ್ ಮಾಡದ ಫೋಟೋ ಅಂತ ಒಂದು ಇದೆಯೇನಯ್ಯಾ?' ಎಂದು ಕೇಳಿದರು. ಅವರ ಮಾತು ಸರಿ. ಮೊಬೈಲ್ ಕ್ಯಾಮೆರಾ ತಾನಾಗಿಯೇ ಬಣ್ಣ ತಿದ್ದುತ್ತದೆ. ಸಂಜೆಯ ಬೆಳಕು ತೀರಾ ಹಳದಿಯಾಗಿದೆ ಎಂದು ಲೆಕ್ಕ ಹಾಕಿ ಅದನ್ನು ಬೆಳ್ಳಗೆ ಮಾಡಲು ನೋಡುತ್ತದೆ. ಹಾಗಾಗಿ ಕಣ್ಣಿಗೆ ಕಂಡ ಗುಲಾಬಿ ಫೋಟೋದಲ್ಲಿ ಇನ್ನೂ ಪೇಲವವಾಗಿ ಬಂದಿತ್ತು. ದೊಡ್ಡ ಛಾಯಾಗ್ರಾಹಕರೂ ತಿದ್ದಿದ್ದಾರೆ. ಅಮೆರಿಕದ ಮರುಭೂಮಿ, ಬೆಟ್ಟಗಳ ಚಿತ್ರಗಳಿಗೆ ಹೆಸರಾದ ಆನ್ಸೆಲ್ ಆಡಮ್ಸ್ 1941ರಲ್ಲಿ ತೆಗೆದ ಚಂದ್ರೋದಯದ ಪ್ರಸಿದ್ಧ ಚಿತ್ರದ ಆಕಾಶವನ್ನು ಡಾರ್ಕ್‌ರೂಮಿನಲ್ಲಿ ಮತ್ತೆ ಮತ್ತೆ ಕಪ್ಪಾಗಿಸಿ ಅಚ್ಚು ಹಾಕಿದರು. ಅವರು ಅದನ್ನು ಮುಚ್ಚಿಡಲಿಲ್ಲ. ಹೇಗೆ ಮಾಡಿದೆ ಎಂದು ಪುಸ್ತಕಗಳಲ್ಲೇ ವಿವರಿಸಿದರು.

ಇನ್ನೊಂದು ಉದಾಹರಣೆಯೂ ಮರುಭೂಮಿಯದೇ. 1982ರ ಫೆಬ್ರವರಿಯ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯ ಮುಖಪುಟದಲ್ಲಿ ಈಜಿಪ್ಟಿನ ಗೀಝಾ ಪಿರಮಿಡ್‌ಗಳ ಫೋಟೋ ಬಂತು. ಮೂಲ ಫೋಟೋ ಅಡ್ಡಗಲ, ಮುಖಪುಟ ಉದ್ದ. ಚಿತ್ರ ಹಿಡಿಯಲಿ ಎಂದು ಕಂಪ್ಯೂಟರ್‌ನಲ್ಲಿ ಎರಡು ಪಿರಮಿಡ್‌ಗಳನ್ನು ಹತ್ತಿರ ತಂದರು. ಸಾವಿರಾರು ವರ್ಷ ಅಲುಗಾಡದ ಪಿರಮಿಡ್ ಒಂದು ಮುಖಪುಟಕ್ಕಾಗಿ ಜರುಗಿತು! ಓದುಗರಿಗೆ ಹೇಳಿರಲಿಲ್ಲ. ಗೊತ್ತಾದಾಗ ದೊಡ್ಡ ಟೀಕೆ ಬಂತು. ಇಂದಿಗೂ ಪತ್ರಿಕೋದ್ಯಮದ ಪಾಠದಲ್ಲಿ ಆ ಉದಾಹರಣೆ ಕೊಡುತ್ತಾರೆ.

ಎರಡರಲ್ಲಿಯೂ ತಿದ್ದಿದ್ದಾರೆ. ವ್ಯತ್ಯಾಸವೆಂದರೆ ಒಬ್ಬರು ಹೇಳಿದರು, ಇನ್ನೊಬ್ಬರು ಹೇಳಲಿಲ್ಲ. ನಮ್ಮ ಅಕೌಂಟೆನ್ಸಿ ಪುಸ್ತಕದಲ್ಲಿ ಇದಕ್ಕೆ ಸರಿಯಾದ ಪದಗಳೇ ಇವೆ. ಲೆಕ್ಕಪತ್ರವನ್ನು ಇರುವುದಕ್ಕಿಂತ ಚೆನ್ನಾಗಿ ಕಾಣುವ ಹಾಗೆ ಅಲಂಕರಿಸುವುದು ವಿಂಡೋ ಡ್ರೆಸ್ಸಿಂಗ್. ಓದುವವನ ನಿರ್ಧಾರವನ್ನು ಬದಲಿಸಬಹುದಾದ ಯಾವ ಸಂಗತಿಯನ್ನೂ ಮುಚ್ಚಿಡಬಾರದು ಎಂಬುದು ಪೂರ್ಣ ಪ್ರಕಟಣೆಯ ತತ್ವ. ನಾವು ಇದನ್ನು ಐದು ಅಂಕದ ಪ್ರಶ್ನೆಗೆ ಬಾಯಿಪಾಠ ಮಾಡುತ್ತೇವೆ, ಮೊಬೈಲ್ ಕೈಗೆ ಬಂದ ಕೂಡಲೇ ಮರೆಯುತ್ತೇವೆ.

'ಒಂದು ಫೋಟೋಗೆ ಇಷ್ಟೆಲ್ಲಾ ಯಾಕೆ? ಅದು ಖುಷಿಗೆ ತಾನೆ?' ಎಂದು ಕೆಲವರು ಕೇಳಬಹುದು. ಖುಷಿಗೆ ತೆಗೆದ ಫೋಟೋ ನಮ್ಮ ಮೊಬೈಲಿನಲ್ಲಿ ಇರುವವರೆಗೆ ಖುಷಿಗೇ. ಗೋಡೆಗೆ ಅಂಟಿಸಿದ ಮೇಲೆ, ಸ್ಟೇಟಸ್‌ಗೆ ಹಾಕಿದ ಮೇಲೆ ಅದು ಮತ್ತೊಬ್ಬರಿಗೆ ಕೊಡುವ ಸಾಕ್ಷಿ. ಸುಳ್ಳು ಸಾಕ್ಷಿಯ ಬಗ್ಗೆ ನಮ್ಮ ದೀನ್ ಏನು ಹೇಳುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ.

ಇನ್ನು ಒಂದು ಮಾತು ನಮ್ಮ ಪ್ರವಾಸಗಳ ಬಗ್ಗೆ. ಸೌದಿಯ ಉತ್ತರದಲ್ಲಿ ಅಲ್‌ಉಲಾ ಎಂಬ ಕಡೆ ಕೆಂಪು ಮರಳುಗಲ್ಲಿನ ಬೆಟ್ಟಗಳಿವೆ. ಆ ಪ್ರದೇಶದ ಒಂದು ಬಂಡೆಯ ಮೇಲೆ ಝುಹೈರ್ ಎಂಬವರು ಹಿಜರಿ 24ರಲ್ಲಿ, ಹಝ್ರತ್ ಉಮರ್ ಅವರು ತೀರಿಕೊಂಡ ಸಮಯದಲ್ಲಿ ಬರೆದೆ ಎಂದು ಕೆತ್ತಿದ್ದಾರೆ. ಇಸ್ಲಾಮಿನ ಅತ್ಯಂತ ಹಳೆಯ ಶಾಸನಗಳಲ್ಲಿ ಅದೂ ಒಂದು, ಯುನೆಸ್ಕೋ ಪಟ್ಟಿಯಲ್ಲಿದೆ. ಕಾಗದ ಸುಲಭವಾಗಿ ಸಿಗದ ಕಾಲದಲ್ಲಿ ಅವರು ಕಲ್ಲಿಗೆ ಒಂದು ಸುದ್ದಿ ಒಪ್ಪಿಸಿದರು. ನಾವು ಬಾದಾಮಿಗೆ ಹೋದಾಗ ಕಲ್ಲಿನ ಮೇಲೆ ನಮ್ಮ ಹೆಸರು, ಹೃದಯ, ಬಾಣ ಗೀಚುತ್ತೇವೆ. ಆಮೇಲೆ ಫೋಟೋದಲ್ಲಿ ಆ ಗೀಚು ಕಾಣದ ಹಾಗೆ ನಿಲ್ಲುತ್ತೇವೆ. ಗೀಚದೆ ಇರುವುದು, ಕಸ ಹೆಕ್ಕುವುದು ಯಾವ ಆ್ಯಪ್‌ಗಿಂತಲೂ ಒಳ್ಳೆಯ ಎಡಿಟಿಂಗ್.

ಕೊನೆಯದಾಗಿ ನನ್ನ ಸಲಹೆಗಳು. ಮುಂದಿನ ಸಲ 'ರಜೆಯ ಚಿತ್ರಗಳು' ಅಂಟಿಸುವಾಗ ಪ್ರತಿ ಫೋಟೋದ ಕೆಳಗೆ ಮೂರು ಸಾಲು ಬರೆಯುವ ನಿಯಮ ಮಾಡೋಣ. ಮೊದಲ ಸಾಲು, ಎಲ್ಲಿ, ಯಾವ ಹೊತ್ತಿಗೆ ತೆಗೆದದ್ದು. ಎರಡನೆಯದು, ಏನೇನು ತಿದ್ದಿದೆ. ಮೂರನೆಯದು, ಚೌಕಟ್ಟಿನ ಹೊರಗೆ ಏನಿತ್ತು. ಕಂಪನಿಗಳ ಲೆಕ್ಕಪತ್ರದ ಕೊನೆಯಲ್ಲಿ ಟಿಪ್ಪಣಿಗಳಿರುತ್ತವಲ್ಲ, ಹಾಗೆ. ಮೂರನೆಯ ಸಾಲು ಬರೆಯುವುದು ಕಷ್ಟವಾಗುತ್ತದೆ, ಅದಕ್ಕೇ ಬರೆಯಬೇಕು.

ಅಧ್ಯಾಪಕರಲ್ಲಿ ಒಂದು ವಿನಂತಿ. ಗಲ್ಫ್‌ನಲ್ಲಿ ದುಡಿದು ಮರಳಿ ಬಂದ ನಮ್ಮೂರಿನ ಒಬ್ಬಿಬ್ಬರನ್ನು ಪರೀಕ್ಷೆಗೆ ಮೊದಲು ಕಾಲೇಜಿಗೆ ಕರೆಸಿ. ಭಾಷಣ ಬೇಡ. ಸಂಬಳ, ಕರಾರು, ಏಜೆಂಟ್, ರಜೆ, ಆರೋಗ್ಯ, ಇವುಗಳ ಬಗ್ಗೆ ನಾವು ಪ್ರಶ್ನೆ ಕೇಳುತ್ತೇವೆ, ಅವರು ಉತ್ತರಿಸಲಿ. ಅದನ್ನೆಲ್ಲ ಕೇಳಿದ ಮೇಲೂ ಹೋಗುತ್ತೇನೆ ಎನ್ನುವವನು ತಿಳಿದು ಹೋಗುತ್ತಾನೆ.

ನನ್ನ ಗೆಳೆಯ ಏಜೆಂಟನಿಗೆ ಇನ್ನೂ ಹಣ ಕಟ್ಟಿಲ್ಲ. ಬಿ.ಕಾಂ. ಅರ್ಜಿಯನ್ನೂ ತುಂಬಿಲ್ಲ. ಮುಂದಿನ ಶುಕ್ರವಾರ ಅಬ್ಬಾರ ಜೊತೆ ಅವನನ್ನು ಮಾತಾಡಿಸುತ್ತೇನೆ. ಖರ್ಜೂರದ ಮರದ ಮುಂದೆ ನಿಂತು ಮಾತಾಡಬೇಡಿ ಎಂದು ಅಬ್ಬಾರಿಗೆ ಹೇಳಿದ್ದೇನೆ, ನಕ್ಕರು.

ಬಹುಮಾನದ ಪ್ರಮಾಣಪತ್ರವನ್ನು ಪ್ರಾಂಶುಪಾಲರಿಗೆ ಹಿಂದಿರುಗಿಸಲು ಹೋಗಿದ್ದೆ. ಅವರು ತೆಗೆದುಕೊಳ್ಳಲಿಲ್ಲ, ಫೋಟೋ ಬದಲಿಸು ಎಂದರು. ಈಗ ಗೋಡೆಯ ಮೇಲೆ ಮೂಲ ಫೋಟೋ ಇದೆ. ಬಂಡೆ ಅಷ್ಟು ಕೆಂಪಾಗಿಲ್ಲ. ಕೆಳಗೆ ಬಾಟಲಿಗಳಿವೆ. ಎಡ ಮೂಲೆಯಲ್ಲಿ ಒಬ್ಬರು ಬೂಟು ಬಿಚ್ಚಿ ಕಲ್ಲಿನ ಮೇಲೆ ಕೂತಿದ್ದಾರೆ. ನಮ್ಮ ಅಬ್ಬಾ. ಒಮ್ಮೆ ನಿಂತು ನೋಡಿ.